ನಡುಗಡ್ಡೆಯಾದ ಊರಿನ ಊಟ



ಸುತ್ತಲೂ ನೀರಿನಿಂದ ಆವರಿಸಿದ ಭೂಭಾಗಕ್ಕೆ ನಡುಗಡ್ಡೆ ಎನ್ನುತ್ತಾರೆಂದು ನಾವು ಸಮಾಜ ವಿಜ್ಞಾನದಲ್ಲಿ ಕಲಿತಿದ್ದೇವೆ. ನಮ್ಮ ಧಾರವಾಡ ಜಿಲ್ಲೆಗೆ ಸಮುದ್ರ ಇಲ್ಲ. ಆದರೂ ನವಲಗುಂದ ತಾಲೂಕಿನ ಕೆಲವು ಊರುಗಳು ದೊಡ್ಡ ಮಳೆಯಾದಾಗ ನಡುಗಡ್ಡೆಗಳೇ ಆಗುತ್ತವೆ. ಇದಕ್ಕೆ ಕಾರಣ ಬೆಣ್ಣಿಹಳ್ಳ ಮತ್ತು ತುಪ್ಪರಿಹಳ್ಳ. ಹೆಸರು ಕೇಳಿದರೆ ಬೆಣ್ಣಿ, ತುಪ್ಪ ನೆನಪಾಗುತ್ತವೆ. ಆದರೆ ಬಂದಾಗ ಬೆಳೆ, ದಾರಿ ಎಲ್ಲಾ ಕೊಚ್ಚಿಕೊಂಡು ಹೋಗುತ್ತವೆ.

ಬೆಣ್ಣಿಹಳ್ಳವು ಶಿಗ್ಗಾಂವಿ ತಾಲೂಕಿನ ಕಡೆ ಹುಟ್ಟಿ ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕುಗಳಲ್ಲಿ ಹರಿದು ಮಲಪ್ರಭಾ ನದಿಯನ್ನು ಸೇರುತ್ತದೆ. ನಮ್ಮದು ಎರಿ ಭೂಮಿ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಕಾಲಿಗೆ ಮೆತ್ತುತ್ತದೆ, ಬಂಡಿಯ ಗಾಲಿ ತಿರುಗುವುದಿಲ್ಲ. ೨೦೧೯ರ ಆಗಸ್ಟ್ ತಿಂಗಳಲ್ಲಿ ಮಹಾಪೂರ ಬಂದು ತಾಲೂಕಿನ ಎಷ್ಟೋ ದಾರಿಗಳು ಕಡಿದುಹೋದವು. ಅಂಗಡಿಗೆ ಸಾಮಾನು ಬರುವುದಿಲ್ಲ, ಕಟ್ಟಿಗಿ ತೊಯ್ದಿರುತ್ತವೆ, ಕುಡಿಯುವ ನೀರು ಕೆಂಪಾಗಿರುತ್ತದೆ. ಅಂಥ ಹೊತ್ತಿನಲ್ಲಿ ಏನು ತಿನ್ನಬೇಕು? ಇದಕ್ಕೆ ನಮ್ಮ ಹಿರಿಯರು ಬಹಳ ಹಿಂದೆಯೇ ಉತ್ತರ ಕಂಡುಹಿಡಿದಿದ್ದಾರೆ. ಅದನ್ನೇ ಈ ಪಾಠದಲ್ಲಿ ತಿಳಿಯೋಣ.

೧. ಖಡಕ್ ರೊಟ್ಟಿ

ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದುತ್ತಾರೆ. ಯಾಕೆಂದರೆ ಗೋದಿ ಹಿಟ್ಟಿನಲ್ಲಿ ಇರುವಂಥ ಅಂಟು ಪ್ರೋಟೀನು ಜೋಳದಲ್ಲಿ ಇಲ್ಲ. ಬಿಸಿನೀರು ಬಿದ್ದಾಗ ಹಿಟ್ಟಿನಲ್ಲಿರುವ ಪಿಷ್ಟ ಅರ್ಧ ಬೆಂದು ಅಂಟಾಗುತ್ತದೆ. ಆಗ ರೊಟ್ಟಿ ಬಡಿದರೆ ಸೀಳುವುದಿಲ್ಲ. ಹಂಚಿನ ಮ್ಯಾಲೆ ಹಾಕಿ, ಒದ್ದೆ ಅರಿವಿಯಿಂದ ನೀರು ಸವರಿ, ತಿರುವಿ ಹಾಕಿ ಬೇಯಿಸುತ್ತಾರೆ. ಹಿಟ್ಟು ಹೊಸದಾಗಿ ಬೀಸಿದ್ದಿರಬೇಕು. ಹಳೇ ಹಿಟ್ಟಿಗೆ ಜಿಗಿ ಇರುವುದಿಲ್ಲ, ರುಚಿಯೂ ಕಹಿಯಾಗುತ್ತದೆ.

ಹೀಗೆ ಬೆಂದ ರೊಟ್ಟಿಯನ್ನು ಒಲಿಯ ಬದಿಗೆ ನಿಲ್ಲಿಸಿ ಪೂರ್ತಿ ಒಣಗಿಸಿದರೆ ಅದೇ ಖಡಕ್ ರೊಟ್ಟಿ. ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ. ಬೂಸು ಬೆಳೆಯಲು ತೇವ ಬೇಕು. ಖಡಕ್ ರೊಟ್ಟಿಯಲ್ಲಿ ತೇವವೇ ಇಲ್ಲ, ಅದಕ್ಕೆ ಕೆಡುವುದಿಲ್ಲ. ತಿನ್ನುವಾಗ ಒಲಿ ಹಚ್ಚುವುದೂ ಬೇಡ.

೨. ಹಿಂಡಿ ಮತ್ತು ರಂಜಕ

ಶೇಂಗಾ, ಅಗಸಿ, ಗುರೆಳ್ಳು, ಪುಟಾಣಿ ಇವುಗಳಿಂದ ಹಿಂಡಿ ಮಾಡುತ್ತಾರೆ. ಕಾಳು ಹುರಿದು, ಬಳ್ಳೊಳ್ಳಿ, ಜೀರಿಗಿ, ಉಪ್ಪು, ಕೆಂಪು ಖಾರ ಹಾಕಿ ಒಳ್ಳಲ್ಲಿ ಕುಟ್ಟುತ್ತಾರೆ. ಹಸಿ ಕೆಂಪು ಮೆಣಸಿನಕಾಯಿಗೆ ಉಪ್ಪು, ಬಳ್ಳೊಳ್ಳಿ, ಲಿಂಬಿಹುಳಿ ಹಾಕಿ ಅರೆದರೆ ರಂಜಕ. ಕುಂದಗೋಳ ಮತ್ತು ಅಣ್ಣಿಗೇರಿ ಕಡೆ ಬ್ಯಾಡಗಿ ತಳಿಯ ಮೆಣಸಿನಕಾಯಿ ಬೆಳೆಯುತ್ತಾರೆ. ಅದರ ಬಣ್ಣ ಜಾಸ್ತಿ, ಖಾರ ಕಡಿಮೆ. ಉಪ್ಪು ಮತ್ತು ಹುಳಿ ಇದ್ದಲ್ಲಿ ಸೂಕ್ಷ್ಮಜೀವಿಗಳು ಸುಲಭವಾಗಿ ಬೆಳೆಯುವುದಿಲ್ಲ. ಹೀಗಾಗಿ ರಂಜಕವೂ ಬಹಳ ದಿನ ತಡೆಯುತ್ತದೆ.

೩. ಹಗೇವು

ರೊಟ್ಟಿಗೆ ಜೋಳ ಬೇಕು, ಜೋಳ ಇಡಲು ಜಾಗ ಬೇಕು. ಹಿಂದೆ ಊರೊಳಗಿನ ಗಟ್ಟಿ ನೆಲದಲ್ಲಿ ಆಳವಾದ ತೆಗ್ಗು ತೋಡಿ, ಒಳಗೆ ಹುಲ್ಲು ಹೊಂದಿಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಇದೇ ಹಗೇವು. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ಮುಗಿಯುತ್ತಿತ್ತು, ಇಂಗಾಲದ ಡೈಆಕ್ಸೈಡ್ ತುಂಬುತ್ತಿತ್ತು. ಆಗ ಹುಳ ಬದುಕುತ್ತಿರಲಿಲ್ಲ. ಮನುಷ್ಯರಿಗೂ ಆ ಗಾಳಿ ಅಪಾಯ. ಅದಕ್ಕೆ ಬಾಯಿ ತೆಗೆದ ಮೇಲೆ ಗಾಳಿ ಆಡಲು ಬಿಟ್ಟು, ಆಮೇಲೆ ಒಳಗೆ ಇಳಿಯುತ್ತಿದ್ದರು. ನಮ್ಮ ಆಯಿ, “ಹಗೇವಿನ್ಯಾಗ ಜೋಳ ಇದ್ದಾಗ ಬರಾ ಬಂದ್ರೂ ಹೆದರಿಕಿ ಇರಲಿಲ್ಲವಾ, ಹಳ್ಳಾ ಬಂದ್ರೂ ಹೆದರಿಕಿ ಇರಲಿಲ್ಲ” ಅಂತಾಳ.

೪. ದಿನದ ಊಟ, ಹಬ್ಬದ ಊಟ

ಹಳ್ಳ ಇಳಿದ ಮೇಲೆ ಮೊದಲು ಬರುವುದು ತಪ್ಪಲ ಪಲ್ಯ. ಪುಂಡಿ ಪಲ್ಯಕ್ಕೆ ಜೋಳದ ನುಚ್ಚು ಹಾಕಿ ಬೇಯಿಸುತ್ತಾರೆ. ಹಕ್ಕರಕಿಯನ್ನು ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನುತ್ತಾರೆ. ಮಡಕಿ ಕಾಳು, ಹೆಸರು ಕಾಳು, ಕಡ್ಲಿಹಿಟ್ಟಿನ ಝುಣಕ, ಎಣ್ಣೆಗಾಯಿ ಬದನೆ ನಮಗೆಲ್ಲಾ ಗೊತ್ತೇ ಇವೆ. ಕಲಘಟಗಿ ಕಡೆ ಮಾತ್ರ ಮಳೆ ಜಾಸ್ತಿ, ಅಲ್ಲಿ ಭತ್ತ ಬೆಳೆಯುತ್ತಾರೆ, ಅನ್ನದ ಊಟ ಹೆಚ್ಚು. ಒಂದೇ ಜಿಲ್ಲೆಯಾದರೂ ಮಣ್ಣು, ಮಳೆ ಬದಲಾದರೆ ಗಂಗಾಳದಲ್ಲಿನ ಊಟವೂ ಬದಲಾಗುತ್ತದೆ.

ಹಬ್ಬಗಳ ಅಡಿಗೆ ಹೀಗಿದೆ:
ನಾಗರ ಪಂಚಮಿ – ಉಂಡಿ, ಜೋಳದ ಅಳ್ಳು, ತಂಬಿಟ್ಟು
ಎಳ್ಳ ಅಮಾವಾಸ್ಯೆ – ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಕೂಡಿ ಊಟ
ಸಂಕ್ರಾಂತಿ – ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಮಾದಲಿ
ಚಳಿಗಾಲದಲ್ಲಿ ಹೊಲದೊಳಗೆ – ಸುಟ್ಟ ಸೀತನಿ, ಸುಲಗಾಯಿ

೫. ಇದರಲ್ಲಿ ಏನು ಶಕ್ತಿ ಇದೆ?

೧೦೦ ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ ಪ್ರೋಟೀನು, ೪ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ ಪ್ರೋಟೀನು ಸುಮಾರು ೮ ಗ್ರಾಂ, ಕಬ್ಬಿಣ ೧ ಮಿಲಿಗ್ರಾಂಗಿಂತ ಕಡಿಮೆ. ಜೋಳದಲ್ಲಿ ನಾರಿನಂಶವೂ ಹೆಚ್ಚು. ಆದರೆ ಜೋಳದ ಪ್ರೋಟೀನಿನಲ್ಲಿ ಒಂದು ಭಾಗ ಕಡಿಮೆ ಇದೆ, ಅದು ಕಾಳುಗಳಲ್ಲಿದೆ. ರೊಟ್ಟಿ ಮತ್ತು ಕಾಳುಪಲ್ಯ ಕೂಡಿದರೆ ಪೂರ್ತಿಯಾಗುತ್ತದೆ. ಮೇಲೆ ಲಿಂಬಿಹಣ್ಣು ಹಿಂಡಿಕೊಂಡರೆ ಅದರಲ್ಲಿನ ಸಿ ಜೀವಸತ್ವದಿಂದ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ರಕ್ತ ಕಡಿಮೆ ಇರುವ ಹುಡುಗಿಯರು ಇದನ್ನು ಮುಖ್ಯವಾಗಿ ನೆನಪಿಡಬೇಕು. ವೈದ್ಯರು ಕೊಟ್ಟ ಗುಳಿಗಿಯನ್ನೂ ಬಿಡಬಾರದು.

೬. ಈಗ ಏನಾಗುತ್ತಿದೆ?

೨೦೨೩ನೇ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಜೋಳ, ಸಜ್ಜಿ ಅದರಲ್ಲಿ ಸೇರಿವೆ. ಆದರೆ ನಮ್ಮೂರಿನ ಹೊಲಗಳಲ್ಲಿ ಜೋಳ ಕಡಿಮೆಯಾಗಿದೆ. ಕಾರಣ ಕೇಳಿದಾಗ ಹಿರಿಯರು ಹೀಗೆ ಹೇಳಿದರು: “ಮೊದಲ ಮನಿಗೆ ನಾಕು ಎತ್ತು ಇದ್ದುವು. ಅವಕ್ಕ ಕಣಕಿ ಬೇಕಾಗಿತ್ತು, ಅದಕ್ಕ ಜೋಳ ಬಿತ್ತತಿದ್ವಿ. ಈಗ ಟ್ರ್ಯಾಕ್ಟರ್ ಬಂದಾವು, ಎತ್ತಿಲ್ಲ. ಜೋಳ ಕೀಳಾಕ ಆಳು ಸಿಗೂದಿಲ್ಲ. ಹಕ್ಕಿ ಕಾಯೋರಿಲ್ಲ. ಹೆಸರು, ಹತ್ತಿ, ಗೋವಿನಜೋಳಕ್ಕ ರೊಕ್ಕಾ ಬರತೈತಿ.” ಅವರ ಮಾತು ಸುಳ್ಳಲ್ಲ. ರೊಕ್ಕವೂ ಬೇಕು, ಸಾಲ ತೀರಬೇಕು, ನಮ್ಮ ಶಾಲೆಯ ಖರ್ಚೂ ಇದೆ. ಆದರೆ ಹತ್ತಿಯನ್ನು ತಿನ್ನಲು ಬರುವುದಿಲ್ಲ. ಹಳ್ಳ ಬಂದ ದಿನ ಕೈಯಲ್ಲಿ ರೊಕ್ಕ ಇದ್ದರೂ ಅಂಗಡಿ ತನಕ ಹೋಗಲು ದಾರಿ ಇರುವುದಿಲ್ಲ.

ಇನ್ನೊಂದು ಮಾತು. ರೊಟ್ಟಿ ಬಡಿಯುವ ಕೆಲಸ ಅವ್ವ, ಅಕ್ಕಂದಿರದೇ ಎಂದು ಬಿಟ್ಟಿದ್ದೇವೆ. ಹೊಲದಿಂದ ದಣಿದು ಬಂದು ಹೊಗೆಯಲ್ಲಿ ಕೂತು ಇಪ್ಪತ್ತು ಮೂವತ್ತು ರೊಟ್ಟಿ ಬಡಿಯುವುದು ಸುಲಭವಲ್ಲ. ಅವರಿಗೆ ಬ್ಯಾಸರ ಬಂದು ಅನ್ನ ಮಾಡಿದರೆ ತಪ್ಪೇನು? ರೊಟ್ಟಿ ಉಳಿಯಬೇಕೆಂದರೆ ಗಂಡುಹುಡುಗರೂ ನೀರು ತರುವುದು, ಹಿಟ್ಟು ಬೀಸಿಕೊಂಡು ಬರುವುದು, ರೊಟ್ಟಿ ಬಡಿಯುವುದು ಕಲಿಯಬೇಕು.

೭. ನಾವು ಮಾಡಬಹುದಾದದ್ದು

ಅ) ಪ್ರತಿ ಮನೆಯವರು ಹೊಲದ ಒಂದು ಮೂಲೆಯಲ್ಲಾದರೂ ಮನೆಗೆ ಬೇಕಾಗುವಷ್ಟು ಜೋಳ ಬಿತ್ತಬೇಕು.
ಆ) ಮಳೆಗಾಲಕ್ಕೆ ಮೊದಲು ಖಡಕ್ ರೊಟ್ಟಿ, ಹಿಂಡಿ ಮಾಡಿ ಎತ್ತರದ ಜಾಗದಲ್ಲಿ ಇಡಬೇಕು.
ಇ) ಮಹಾಪೂರದ ದಿನಗಳಲ್ಲಿ ನೀರನ್ನು ಕುದಿಸಿ ಆರಿಸಿ ಕುಡಿಯಬೇಕು. ಅದಕ್ಕೆ ಸ್ವಲ್ಪ ಒಣ ಕಟ್ಟಿಗಿಯನ್ನು ಅಟ್ಟದ ಮೇಲೆ ಉಳಿಸಿಡಬೇಕು.
ಈ) ಆಯಿ, ಅಜ್ಜರನ್ನು ಕೇಳಿ ಹಳೇ ಅಡಿಗೆಗಳನ್ನು ನೋಟಬುಕ್ಕಿನಲ್ಲಿ ಬರೆದುಕೊಳ್ಳಬೇಕು.

ಮಾಡಿ ನೋಡಿರಿ: ಒಂದು ಮೆತ್ತನ್ನ ರೊಟ್ಟಿಯ ತುಂಡು, ಒಂದು ಖಡಕ್ ರೊಟ್ಟಿಯ ತುಂಡು ಬೇರೆ ಬೇರೆ ಡಬ್ಬಿಯಲ್ಲಿ ಮುಚ್ಚಿ ಐದು ದಿನ ಇಡಿರಿ. ಯಾವುದಕ್ಕೆ ಬೂಸು ಬಂತು? ಯಾಕೆ? ನೋಡಿದ ಮೇಲೆ ತಿನ್ನಬೇಡಿರಿ.

ಉತ್ತರಿಸಿರಿ:
೧) ಜೋಳದ ಹಿಟ್ಟಿಗೆ ಬಿಸಿನೀರು ಯಾಕೆ ಬೇಕು?
೨) ಹಗೇವಿನಲ್ಲಿ ಹುಳ ಯಾಕೆ ಬದುಕುವುದಿಲ್ಲ?
೩) ನಿಮ್ಮ ಮನೆಯಲ್ಲಿ ಈ ಹೊತ್ತು ದಾರಿ ಕಡಿದರೆ ಎಷ್ಟು ದಿನದ ಊಟ ಇದೆ? ಮನೆಗೆ ಹೋಗಿ ನೋಡಿ ಬರೆಯಿರಿ.

– ೭ನೇ ತರಗತಿ ವಿದ್ಯಾರ್ಥಿನಿ