ಕಸಿಮಾಡಿದ ಹೃದಯದ ನಾಳಗಳೂ ಜೀವಸತ್ತ್ವಗಳೂ

1968ನೆಯ ಜನವರಿ 2ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ ಡಾ. ಕ್ರಿಶ್ಚಿಯನ್ ಬರ್ನಾರ್ಡರು ಫಿಲಿಪ್ ಬ್ಲೈಬರ್ಗ್ ಎಂಬ ದಂತವೈದ್ಯರಿಗೆ 24 ವರ್ಷದ ತರುಣನೊಬ್ಬನ ಹೃದಯವನ್ನು ಜೋಡಿಸಿದರು. ಜಗತ್ತಿನ ಮೊದಲ ಹೃದಯಕಸಿ ನಡೆದು ಆಗ ಒಂದು ತಿಂಗಳಷ್ಟೇ ಆಗಿತ್ತು. ಆ ಮೊದಲ ರೋಗಿ ಬದುಕಿದ್ದುದು 18 ದಿನ. ಬ್ಲೈಬರ್ಗರಾದರೋ ಹತ್ತೊಂಬತ್ತು ತಿಂಗಳು ಬಾಳಿದರು. 1969ರಲ್ಲಿ ಅವರು ತೀರಿಕೊಂಡ ಬಳಿಕ ಆ ಹೃದಯವನ್ನು ಪರೀಕ್ಷಿಸಲಾಗಿ, ತರುಣನ ಹೃದಯದ ರಕ್ತನಾಳಗಳು ಮುದುಕನ ನಾಳಗಳಂತೆ ದಪ್ಪಗಟ್ಟಿ ಇಕ್ಕಟ್ಟಾಗಿದ್ದುವು! ದಶಕಗಳು ಹಿಡಿಯುವ ಈ ಕೆಡುಕು ಇಷ್ಟು ಬೇಗ ಹೇಗಾಯಿತು? ಇದನ್ನು ತಡೆಯಲು ಜೀವಸತ್ತ್ವಗಳಿಂದ ನೆರವುಂಟೆ? ಇವನ್ನು ನಾವು ಇಲ್ಲಿ ವಿಚಾರಿಸೋಣ.

ಹೃದಯದ ಸ್ನಾಯುವಿಗೆ ರಕ್ತವನ್ನು ಒದಗಿಸುವ ಕಿರೀಟಧಮನಿಗಳ ಒಳಮೈಯಲ್ಲಿ ಒಂದೇ ಜೀವಕೋಶದಷ್ಟು ದಪ್ಪದ ಪೊರೆಯೊಂದುಂಟು. ಇದನ್ನು ಬರಿಯ ಹೊದಿಕೆಯೆಂದು ನಾವು ಭಾವಿಸಬಾರದು. ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸಿ ಇದು ನಾಳವನ್ನು ಸಡಿಲಗೊಳಿಸುತ್ತದೆ. ರಕ್ತವು ಒಳಗೇ ಹೆಪ್ಪುಗಟ್ಟದಂತೆ ಕಾಯುತ್ತದೆ. ಕಸಿಯಾದ ಹೃದಯದಲ್ಲಾದರೋ ಈ ಪೊರೆ ಪರಕೀಯ. ರಕ್ತದಲ್ಲಿ ಹರಿದುಬರುವ ಬಿಳಿಯ ಕಣಗಳಿಗೆ ಮೊದಲು ಎದುರಾಗುವುದೂ ಇದೇ. ಅವುಗಳ ದಾಳಿಯಲ್ಲಿ ಆಮ್ಲಜನಕದ ಉಗ್ರರೂಪಗಳು ಹುಟ್ಟಿ ನೈಟ್ರಿಕ್ ಆಕ್ಸೈಡನ್ನು ನಾಶಮಾಡುತ್ತವೆ. ಪೆಟ್ಟುತಿಂದ ಗೋಡೆಯಲ್ಲಿ ಸ್ನಾಯುಕೋಶಗಳು ಬೆಳೆದು, ನಾಳವು ಸುತ್ತಲೂ, ಉದ್ದಕ್ಕೂ ದಪ್ಪವಾಗುತ್ತದೆ. ಕಸಿಯ ವೇಳೆ ಹೃದಯದ ನರಗಳನ್ನು ಕತ್ತರಿಸಿರುವುದರಿಂದ ಎದೆನೋವಿನ ಮುನ್ಸೂಚನೆಯೂ ರೋಗಿಗೆ ಸಾಮಾನ್ಯವಾಗಿ ದೊರೆಯದು.

ಜೀವಸತ್ತ್ವಗಳ ಮಾತು ಬರುವುದು ಈ ಉಗ್ರ ಆಮ್ಲಜನಕದ ದೆಸೆಯಿಂದ. ನೆಲ್ಲಿಕಾಯಿ, ನಿಂಬೆಗಳಲ್ಲಿರುವ 'ಸಿ' ಜೀವಸತ್ತ್ವ ನೀರಿನಲ್ಲಿ ಕರಗುವುದು. ಎಣ್ಣೆಕಾಳುಗಳಲ್ಲಿರುವ 'ಇ' ಕೊಬ್ಬಿನಲ್ಲಿ ಕರಗುವುದು. ಉಗ್ರಕಣವನ್ನು ಶಮನಗೊಳಿಸುವಾಗ 'ಇ' ತಾನೇ ಸವೆಯುತ್ತದೆ. 'ಸಿ' ಅದನ್ನು ಮತ್ತೆ ಮೊದಲಿನ ಸ್ಥಿತಿಗೆ ತರಬಲ್ಲದು. ಆದುದರಿಂದ ಎರಡನ್ನೂ ಕೂಡಿಸಿ ಕೊಟ್ಟುನೋಡುವುದು ಯುಕ್ತವೆನಿಸಿತು.

ಅಮೆರಿಕದ ಬಾಸ್ಟನ್ ನಗರದ ವೈದ್ಯರು ಹೀಗೆ ಮಾಡಿ, ಫಲಿತಾಂಶವನ್ನು 2002ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಕಸಿಯಾಗಿ ಎರಡು ವರ್ಷ ಮೀರದ 40 ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿದರು. 19 ಮಂದಿಗೆ ದಿನಕ್ಕೆರಡು ಬಾರಿ 500 ಮಿಲಿಗ್ರಾಂ 'ಸಿ', 400 ಅಂತರರಾಷ್ಟ್ರೀಯ ಮಾನದಷ್ಟು 'ಇ'. 21 ಮಂದಿಗೆ ಸತ್ತ್ವವಿಲ್ಲದ ಹುಸಿಗುಳಿಗೆ. ಎಕ್ಸ್-ಕಿರಣದ ಚಿತ್ರವು ನಾಳದ ಪೊಳ್ಳನ್ನಷ್ಟೇ ತೋರಿಸುವುದರಿಂದ, ತೆಳುವಾದ ನಳಿಕೆಯ ತುದಿಯಲ್ಲಿ ಶ್ರವಣಾತೀತ ಶಬ್ದದ ಸಾಧನವನ್ನಿಟ್ಟು ಧಮನಿಯೊಳಕ್ಕೇ ಕಳುಹಿಸಿ ಗೋಡೆಯನ್ನು ಅಳೆದರು. ವರ್ಷದ ಕೊನೆಗೆ ಹುಸಿಗುಳಿಗೆಯವರಲ್ಲಿ ದಪ್ಪದ ಸೂಚ್ಯಂಕ ಸರಾಸರಿ ಶೇಕಡ 8ರಷ್ಟು ಏರಿತ್ತು. ಜೀವಸತ್ತ್ವ ಪಡೆದವರಲ್ಲಿ ಶೇಕಡ 0.8 ಮಾತ್ರ. ವಿಚಿತ್ರವೆಂದರೆ, ಒಳಪೊರೆಯ ಕಾರ್ಯಶಕ್ತಿಯಲ್ಲಿ ಎರಡು ಗುಂಪುಗಳಿಗೂ ಅಂತರ ಕಾಣಲಿಲ್ಲ.

ಅಂಕಿಗಳು ಮನಸ್ಸನ್ನು ಸೆಳೆಯುವಂಥವೇ. ಆದರೂ ಪರೀಕ್ಷೆಗೊಳಗಾದವರು 40 ಮಂದಿ, ಅವಧಿ ಒಂದು ವರ್ಷ, ಅಳೆದುದು ನಾಳದ ಗೋಡೆಯನ್ನು; ರೋಗಿಗಳ ಆಯುಸ್ಸು ಹೆಚ್ಚಿತೆಂದು ಇದರಿಂದ ಹೇಳಲಾಗದು. ಅದೇ 2002ರಲ್ಲಿ ಬ್ರಿಟನ್ನಿನಿಂದ ಬಂದ ವರದಿಯೊಂದರಲ್ಲಿ, ಹೃದ್ರೋಗದ ಭಯವಿದ್ದ 20,536 ಮಂದಿಯಲ್ಲಿ ಐದು ವರ್ಷ 'ಸಿ', 'ಇ' ಹಾಗೂ ಬೀಟಾ-ಕ್ಯಾರೊಟೀನ್ ಕೊಟ್ಟರೂ ಹೃದಯಾಘಾತವಾಗಲಿ ಮರಣವಾಗಲಿ ತಗ್ಗಲಿಲ್ಲ. ಅವರದು ಕಸಿಯಾದ ಹೃದಯವಲ್ಲ, ನಿಜ. ಕಾಯಿಲೆಯ ಬಗೆಯೂ ಬೇರೆ. ಆದರೆ ಗುಳಿಗೆಯನ್ನು ಹೊಗಳುವವರು ಈ ದೊಡ್ಡ ಪರೀಕ್ಷೆಯ ಹೆಸರೆತ್ತುವುದು ಕಡಮೆ.

ಇನ್ನೊಂದು ತೊಡಕುಂಟು. ಹೊಸ ಹೃದಯವನ್ನು ದೇಹ ತಿರಸ್ಕರಿಸದಂತೆ ರೋಗಿಯು ಸೈಕ್ಲೊಸ್ಪೊರಿನ್‌ನಂಥ ಔಷಧವನ್ನು ಜೀವನಪರ್ಯಂತ ಸೇವಿಸಬೇಕು. 'ಸಿ', 'ಇ'ಗಳನ್ನು ಕೂಡಿಸಿ ಕೊಟ್ಟಾಗ ರಕ್ತದಲ್ಲಿ ಸೈಕ್ಲೊಸ್ಪೊರಿನ್ನಿನ ಪ್ರಮಾಣ ಇಳಿದುದು ಕಂಡುಬಂದಿದೆ. ಅದು ಇಳಿದರೆ, ನಾವು ಮೊದಲು ನೋಡಿದ ಬಿಳಿಯ ಕಣಗಳ ದಾಳಿಯೇ ಮತ್ತೆ ಬಲಗೊಳ್ಳಬಹುದು. ಅಂಗಡಿಯಲ್ಲಿ ಯಾರಿಗೂ ಸಿಗುವ ಗುಳಿಗೆಯೇ ಆದರೂ, ಇಂಥ ರೋಗಿಯು ಅದನ್ನು ತೊಡಗುವ ಮುನ್ನ ವೈದ್ಯರಿಗೆ ತಿಳಿಸಿ, ರಕ್ತದಲ್ಲಿ ಔಷಧದ ಪ್ರಮಾಣವನ್ನು ಪರೀಕ್ಷಿಸಿಕೊಳ್ಳಬೇಕಾದುದು ಈ ಕಾರಣದಿಂದಲೇ.