ಸತ್ತವರ ಕವಿತೆ, ಬದುಕಿರುವವರ ಪಾಠ

ನಾವು ಇಂಜಿನಿಯರಿಂಗ್ ಓದಿ ಇಲ್ಲಿಗೆ ಬಂದವರು. ಕವಿತೆ ಅಂದ್ರೆ ನಮಗೆ ಪಿಯುಸಿಯಲ್ಲಿ ಸಾರಾಂಶ ಬರೆದು ಅಂಕ ತಗೊಂಡಿದ್ದು, ಅಷ್ಟೇ. ಈ ವರ್ಷ ಅಟ್ಲಾಂಟಾದ ನಾಲ್ವರು, ಕೆರೊಲಿನಾದ ಮೂವರು, ವಾಷಿಂಗ್ಟನ್ ಡಿಸಿ ಪಕ್ಕದ ಇಬ್ಬರು ಸೇರಿ ಭಾನುವಾರ ಸಂಜೆ ವಿಡಿಯೋ ಕಾಲ್‌ನಲ್ಲಿ ಕನ್ನಡ ಓದೋಕೆ ಶುರು ಮಾಡಿದೆವು.

ಫೆಬ್ರವರಿಯಲ್ಲಿ ನಮ್ಮಲ್ಲೊಬ್ಬಳ ಅಜ್ಜಿ ಹಾವೇರಿ ಕಡೆಯ ಊರಿನಲ್ಲಿ ತೀರಿಕೊಂಡರು. ಇವಳಿಗೆ ಹೋಗಲು ಆಗಲಿಲ್ಲ. ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿ, ಮರುದಿನ ಲ್ಯಾಬ್‌ಗೆ ಹೋದಳು. ಹೇಗಿದ್ದೀಯ ಅಂತ ಕೇಳಿದರೆ "ಬಿಜಿ" ಅನ್ನುತ್ತಿದ್ದಳು. ಸತ್ತವರ ಬಗ್ಗೆ ಬರೆದದ್ದನ್ನೇ ಓದೋಣ ಎಂದವಳೂ ಅವಳೇ. ಓದಿದ್ದರಲ್ಲಿ ನಮಗೆ ದಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ಓದಿದ್ದು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನ. ಸುಮಾರು ಕ್ರಿ.ಶ. 700ರದ್ದು, ಕನ್ನಡದ ಅತಿ ಹಳೆಯ ಕವಿತೆಗಳಲ್ಲಿ ಒಂದು. ನಂದಿಸೇನ ಎಂಬ ಮುನಿ ದೇಹ ಬಿಟ್ಟ ಬಗ್ಗೆ ಬರೆದದ್ದು. ರೂಪ, ಹಣ, ವೈಭವ ಎಲ್ಲವೂ ಕಾಮನಬಿಲ್ಲು, ಮಿಂಚು, ಮಂಜಿನ ಹಾಗೆ ತೋರಿ ಮಾಯವಾಗುತ್ತವೆ, ಆದ್ದರಿಂದ ಮುನಿ ಲೋಕವನ್ನೇ ಬಿಟ್ಟ ಎಂಬುದು ಅದರ ಭಾವ. ಇಲ್ಲಿ ನಮ್ಮಲ್ಲಿ ಜಗಳವಾಯಿತು. ಬದುಕು ಕ್ಷಣಿಕ ಅನ್ನೋದರಿಂದ ಚೆನ್ನಾಗಿ ಬದುಕು ಅಂತಲೂ ಹೇಳಬಹುದು, ಬಿಟ್ಟುಬಿಡು ಅಂತಲೂ ಹೇಳಬಹುದಲ್ವಾ? ನಂದಿಸೇನ ಎರಡನೆಯದನ್ನು ಆರಿಸಿಕೊಂಡ. ಅಂದರೆ ಸಾವನ್ನು ನೆನಪಿಸಿದ ಮಾತ್ರಕ್ಕೆ ಕವಿತೆ ನಮ್ಮನ್ನು ಬದುಕಿನ ಕಡೆ ತಿರುಗಿಸುವುದಿಲ್ಲ. ಅದಕ್ಕೆ ಇನ್ನೇನೋ ಬೇಕು.

ಆ 'ಇನ್ನೇನೋ' ಸ್ವಲ್ಪ ಸಿಕ್ಕಿದ್ದು ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲಿನಲ್ಲಿ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಪರವಾಗಿ ಹೋರಾಡಿದ ಮಣಲೇರ, ಬಹುಮಾನವಾಗಿ ಕೇಳಿದ್ದು ಒಂದು ಬೇಟೆನಾಯಿ. ಹೆಸರು ಕಾಳಿ. ಅದು ಕಾಡುಹಂದಿಯ ಜೊತೆ ಹೋರಾಡಿ ಸತ್ತಾಗ ಅವನು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ನಾಯಿಗೆ ಆಯುಸ್ಸು ಎಷ್ಟಿತ್ತು ಅನ್ನೋದು ಇಲ್ಲಿ ಮುಖ್ಯವಲ್ಲ; ಏನು ಮಾಡಿತು, ಯಾರಿಗೆ ಪ್ರೀತಿಯಾಗಿತ್ತು ಅನ್ನೋದು ಮುಖ್ಯ. ಒಂದು ಬದುಕು ತುಂಬಿತ್ತು ಅಂತ ಹೇಳೋಕೆ ಇದಕ್ಕಿಂತ ಒಳ್ಳೆಯ ಅಳತೆ ನಮಗೆ ಕಾಣಲಿಲ್ಲ.

ಕೆರೊಲಿನಾದ ಗೆಳೆಯರು ಕಾರ್ಲ್ ಸ್ಯಾಂಡ್‌ಬರ್ಗ್ ಅವರ 'ಗ್ರಾಸ್' ತಂದರು. 1918ರ ಸಂಕಲನದಲ್ಲಿ ಬಂದ ಪುಟ್ಟ ಕವಿತೆ. ಕವಿ 1945ರಿಂದ 1967ರಲ್ಲಿ ಸಾಯುವವರೆಗೂ ನಾರ್ತ್ ಕೆರೊಲಿನಾದ ಫ್ಲಾಟ್ ರಾಕ್‌ನಲ್ಲಿದ್ದರು. ಅದರಲ್ಲಿ ಮಾತಾಡುವುದು ಹುಲ್ಲು: ಯುದ್ಧದಲ್ಲಿ ಸತ್ತವರನ್ನೆಲ್ಲ ತಾನು ಮುಚ್ಚುತ್ತೇನೆ ಅನ್ನುತ್ತದೆ. ಕೆಲವೇ ವರ್ಷಕ್ಕೆ ದಾರಿಹೋಕರಿಗೆ ಅದು ಯಾವ ಜಾಗವೆಂದೇ ಗೊತ್ತಾಗುವುದಿಲ್ಲ. ಮರೆಸುವುದು ಹುಲ್ಲಿನ ಕೆಲಸವಾದರೆ, ನೆನೆಯುವುದು ನಮ್ಮ ಪಾಲಿನದು.

ಆಮೇಲೆ ಬೇಂದ್ರೆ. 'ನೀ ಹೀಂಗ ನೋಡಬ್ಯಾಡ ನನ್ನ' ಹಾಡಾಗಿ ನಮಗೆಲ್ಲ ಗೊತ್ತಿತ್ತು; ಮಗುವಿನ ಸಾವಿನ ಕವಿತೆ ಅಂತ ಅರ್ಧ ಜನಕ್ಕೆ ಗೊತ್ತಿರಲಿಲ್ಲ! ಬೇಂದ್ರೆಯವರು (1896–1981) ಹಲವು ಮಕ್ಕಳನ್ನು ಕಳೆದುಕೊಂಡವರು. ಆದರೆ ಕವಿತೆಯಲ್ಲಿ ಗಂಡ ನೋಡುತ್ತಿರುವುದು ಹೆಂಡತಿಯ ಮುಖವನ್ನು. ಸಮಾಧಾನದ ದೊಡ್ಡ ಮಾತು ಅವನಲ್ಲಿಲ್ಲ. ಅಳು ಬಂದರೆ ತಡೆಯಬೇಡ, ನಕ್ಕು ಮುಚ್ಚಿಡಬೇಡ ಅನ್ನುತ್ತಾನೆ. ಸತ್ತವರ ಕವಿತೆ ಪಕ್ಕದಲ್ಲಿ ಬದುಕಿರುವವರ ಕಡೆ ತಿರುಗುವುದು ಇಲ್ಲೇ.

ಅವತ್ತು ನಮ್ಮ ಗೆಳತಿ ಕ್ಯಾಮೆರಾ ಆಫ್ ಮಾಡಿದಳು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ, ಯಾರೂ ಕಾಲ್ ಕಟ್ ಮಾಡಲೂ ಇಲ್ಲ. ಮುಂದಿನ ವಾರ ಅವಳು ಅಜ್ಜಿಯ ಬಗ್ಗೆ ಬರೆದು ತಂದಳು. 'ದೇವರಂಥವಳು' ಅಂತೇನೂ ಇರಲಿಲ್ಲ; ರೊಟ್ಟಿ ತಟ್ಟುವಾಗ ಬಳೆ ಮೇಲೆ ಸರಿಸುತ್ತಿದ್ದಳು, ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದಳು, ಅಜ್ಜನ ಜೊತೆ ಕೂತೇ ಊಟ ಮಾಡುತ್ತಿದ್ದಳು ಅಂತ ಇತ್ತು. ಕೊನೆಯ ಸಾಲು ಬರೆಯುವಾಗ ಅವಳಿಗೆ ಹೊಳೆದದ್ದು: ಈಗ ಅಜ್ಜ ಒಬ್ಬರೇ ಊಟ ಮಾಡುತ್ತಾರೆ. ಅಲ್ಲಿ ರಾತ್ರಿ ಎಂಟು ಅಂದ್ರೆ ಬೇಸಿಗೆಯಲ್ಲಿ ಇಲ್ಲಿ ಬೆಳಿಗ್ಗೆ ಹತ್ತೂವರೆ. ಅಂದಿನಿಂದ ಹತ್ತೂವರೆಗೆ ಅವಳು ಲ್ಯಾಬ್‌ನಿಂದ ಹೊರಗೆ ಬಂದು ಫೋನ್ ಮಾಡುತ್ತಾಳೆ.

ಮೇ ತಿಂಗಳಲ್ಲಿ ಎಲ್ಲರೂ ಡಿಸಿಯಲ್ಲಿ ಸೇರಿ ವಿಯೆಟ್ನಾಂ ಯೋಧರ ಸ್ಮಾರಕಕ್ಕೆ ಹೋದೆವು. 1982ರಲ್ಲಿ ಸಮರ್ಪಿಸಿದ ಗೋಡೆ. 58,000ಕ್ಕೂ ಹೆಚ್ಚು ಹೆಸರುಗಳು. ವಿನ್ಯಾಸ ಮಾಡಿದ ಮಾಯಾ ಲಿನ್ ಆಗಿನ್ನೂ ವಿದ್ಯಾರ್ಥಿನಿ. ಆ ಕಪ್ಪು ಗ್ರಾನೈಟ್ ಹೋಗಿದ್ದು ನಮ್ಮ ಬೆಂಗಳೂರಿನ ಕಡೆಯಿಂದ! ನುಣುಪು ಕಲ್ಲಿನಲ್ಲಿ ಸತ್ತವರ ಹೆಸರುಗಳ ನಡುವೆ ನಮ್ಮ ಮುಖಗಳೇ ಕಂಡವು. ಇಷ್ಟು ವಾರ ಓದಿ ತಿಳಿದದ್ದು ಅಲ್ಲಿ ಕಣ್ಣೆದುರೇ ಇತ್ತು.

ನೀವೂ ಮಾಡಿ ನೋಡಿ:

1. ನಿಮ್ಮ ಮನೆಯಲ್ಲಿ ತೀರಿಕೊಂಡ ಒಬ್ಬರನ್ನು ನೆನೆದು ನಾಲ್ಕು ಸಾಲು ಬರೆಯಿರಿ. ಹೊಗಳಿಕೆ ಬೇಡ, ಅವರು ಮಾಡುತ್ತಿದ್ದುದನ್ನು ಬರೆಯಿರಿ.

2. ಅದರಲ್ಲಿ ಈಗಲೂ ಬದುಕಿರುವವರು ಯಾರು ಬರುತ್ತಾರೆ ನೋಡಿ.

3. ಅವರಿಗೆ ಇವತ್ತೇ ಫೋನ್ ಮಾಡಿ. ಅಸೈನ್‌ಮೆಂಟ್ ಆಮೇಲೆ ಮಾಡಿದರಾಯ್ತು.