ಬೀಸುಬಲೆಗೆ ಸೀಸದ ಗುಂಡು: ಮನೆಯಲ್ಲಿ ಎರಕ ಹೊಯ್ಯುವ ಜಾಗ ಹೇಗಿರಬೇಕು?

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಆದರೆ ಹೊಳೆಯಲ್ಲಿ ಬಲೆ ಬೀಸುವುದು ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಬೆಂಗ್ರೆ, ಕೂಳೂರು, ಉಳ್ಳಾಲದ ಕಡೆ ಬಲೆ ರಿಪೇರಿ ಮಾಡುವ ಕೈಗಳಿಗೆ ಬಿಡುವೇ ಇರುವುದಿಲ್ಲ. ಬೀಸುಬಲೆಯ ಅಂಚಿನ ಸುತ್ತ ಸೀಸದ ಗುಂಡುಗಳು ಇರುತ್ತವಲ್ಲ, ಆ ಭಾರದಿಂದಲೇ ಬಲೆ ಬಿಚ್ಚಿಕೊಂಡು ಗಂಟೆಯ ಹಾಗೆ ನೀರಿಗೆ ಇಳಿಯುವುದು. ಗುಂಡು ಅಂಗಡಿಯಲ್ಲೂ ಸಿಗುತ್ತದೆ. ಹಳೇ ಸೀಸ ಮನೆಯಲ್ಲಿದ್ದರೆ ಕರಗಿಸಿ ಎರೆದುಕೊಳ್ಳಲೂಬಹುದು. ಈ ಸಲದ ಪಾಠ ಅದರ ಬಗ್ಗೆ. ಎರಕಕ್ಕಿಂತ ಹೆಚ್ಚಾಗಿ, ಎರಕ ಹೊಯ್ಯುವ ಜಾಗದ ಬಗ್ಗೆ.

ಗುಂಡು ಅಂದ ಕೂಡಲೇ ಯೂಟ್ಯೂಬ್ ನಿಮಗೆ ಅಮೆರಿಕದವರು ಗ್ಯಾರೇಜಿನಲ್ಲಿ ಬಂದೂಕಿನ ಗುಂಡು ಎರೆಯುವ ವಿಡಿಯೋಗಳನ್ನೇ ತೋರಿಸುತ್ತದೆ. ಅಲ್ಲಿ ಅದು ಹವ್ಯಾಸ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, ಮದ್ದುಗುಂಡಿನ ಬಿಡಿಭಾಗಗಳೂ ಆ ವ್ಯಾಖ್ಯೆಯೊಳಗೇ ಬರುತ್ತವೆ. ಹಾಗಾಗಿ ಆ ದಾರಿ ಬೇಡ. ಆದರೆ ಆ ಗ್ಯಾರೇಜಿನವರು ಜಾಗದ ವಿಷಯದಲ್ಲಿ ಕಲಿತ ಶಿಸ್ತು ಬಲೆಯ ಗುಂಡಿಗೂ ಅಷ್ಟೇ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಲೋಹ ಒಂದೇ, ಸೀಸ.

ಮೊದಲು ಸ್ವಲ್ಪ ಲೆಕ್ಕ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ವಿಶಿಷ್ಟ ಉಷ್ಣ ಕೆ.ಜಿ.ಗೆ, ಡಿಗ್ರಿಗೆ 0.13 ಕಿಲೋಜೂಲ್, ಕರಗಲು ಬೇಕಾದ ಗುಪ್ತೋಷ್ಣ ಕೆ.ಜಿ.ಗೆ ಸುಮಾರು 23 ಕಿಲೋಜೂಲ್. 30 ಡಿಗ್ರಿಯಲ್ಲಿರುವ ಒಂದು ಕಿಲೋ ಸೀಸವನ್ನು 380ಕ್ಕೆ ಒಯ್ಯಲು ಒಟ್ಟು ಸುಮಾರು 70 ಕಿಲೋಜೂಲ್ ಸಾಕು. ಅದೇ ಒಂದು ಲೀಟರ್ ನೀರನ್ನು 30ರಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 290 ಕಿಲೋಜೂಲ್ ಬೇಕು. ಅಂದರೆ ಚಹಾಕ್ಕೆ ನೀರಿಡುವುದಕ್ಕಿಂತ ಸೀಸ ಕರಗಿಸುವುದು ಸುಲಭ! ಜನ ಅಡುಗೆಮನೆಯ ಗ್ಯಾಸ್ ಒಲೆಯಲ್ಲೇ ಈ ಕೆಲಸ ಮಾಡಿಬಿಡುವುದು ಇದೇ ಕಾರಣಕ್ಕೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಎಲ್ಲರಿಗೂ ಹೆದರಿಕೆ ಹೊಗೆಯದ್ದು. ನಿಜ ಹೇಳಬೇಕೆಂದರೆ 380 ಡಿಗ್ರಿಯಲ್ಲಿ ಸೀಸದ ಆವಿ ತೀರಾ ಕಡಿಮೆ, ಅದರ ಕುದಿಬಿಂದು 1749 ಡಿಗ್ರಿ. ಉರಿ ಜಾಸ್ತಿಯಾಗಿ 500ರ ಆಚೆಗೆ ಹೋದರೆ ಮಾತ್ರ ಹೊಗೆಯ ಅಪಾಯ ಬೇಗ ಏರುತ್ತದೆ. ಮಲ್ಟಿಮೀಟರ್ ಜತೆ ಬರುವ ಕೆ-ಟೈಪ್ ಥರ್ಮೋಕಪಲ್ ಇಟ್ಟುಕೊಂಡು 350ರಿಂದ 400ರೊಳಗೆ ನಿಲ್ಲಿಸಿದರೆ ಆ ಭಾಗ ಕೈಯಲ್ಲಿರುತ್ತದೆ. ಕೈಗೆ ಸಿಗದೆ ಮನೆಯೊಳಗೆ ಓಡಾಡುವುದು ಪುಡಿ. ಕರಗಿದ ಸೀಸದ ಮೇಲೆ ಬೂದು ಕೆನೆ ಕಟ್ಟುತ್ತದಲ್ಲ, ಆ ಕಿಟ್ಟ ಒಣಗಿದರೆ ನಯವಾದ ಧೂಳು. ಅದು ಬೆರಳಿಗೆ ಅಂಟುತ್ತದೆ, ಲುಂಗಿಗೆ ಅಂಟುತ್ತದೆ, ಚಪ್ಪಲಿಯ ಅಡಿಯಲ್ಲಿ ಚಾವಡಿಗೆ ಬರುತ್ತದೆ.

ಈಗ ನಮ್ಮ ಜಿಲ್ಲೆಯ ಮನೆಗಳನ್ನು ನೆನಪು ಮಾಡಿಕೊಳ್ಳಿ. ಜಗಲಿಯಲ್ಲಿ ಕೂತು ಬೀಡಿ ಕಟ್ಟುವವರು ಇದ್ದಾರೆ. ಅಲ್ಲೇ ಅಂಬೆಗಾಲಿಡುವ ಮಗು ಇದೆ. ಎಲೆ ಅಡಿಕೆ ಹಾಕುವ ಅಜ್ಜ ಇದ್ದಾರೆ. ಎಲ್ಲವೂ ಕೈಯಿಂದ ಬಾಯಿಗೆ ಹೋಗುವ ದಾರಿಗಳು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ನುಂಗಿದ ಸೀಸದಲ್ಲಿ ದೊಡ್ಡವರ ಮೈ ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಪುಟ್ಟ ಮಕ್ಕಳ ಮೈ ಹೀರಿಕೊಳ್ಳುತ್ತದೆ. ಇಷ್ಟಕ್ಕಿಂತ ಕಡಿಮೆ ಇದ್ದರೆ ಅಪಾಯವಿಲ್ಲ ಅನ್ನುವ ಮಟ್ಟವೇ ಗೊತ್ತಿಲ್ಲ; ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ತೆಗೆಯಬೇಕು ಅಂತ ಅದರ 2021ರ ಮಾರ್ಗಸೂಚಿ. ಕಲಿಕೆ, ಏಕಾಗ್ರತೆ ಕುಗ್ಗುವುದು ಹೊರಗೆ ಕಾಣುವ ಕಾಯಿಲೆ ಅಲ್ಲವಾದ್ದರಿಂದ ಯಾರೂ ಅದನ್ನು ಬಲೆಯ ಗುಂಡಿಗೆ ಜೋಡಿಸಿ ನೋಡುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸಿದ ಡಾ. ತುಪ್ಪಿಲ್ ವೆಂಕಟೇಶ್ ಅವರು ದಶಕಗಳ ಕಾಲ ಇದನ್ನೇ ಹೇಳುತ್ತಾ ಬಂದವರು, ದೇಶದಲ್ಲಿ ಅವರಿಗೆ ‘ಲೆಡ್ ಮ್ಯಾನ್’ ಅಂತಲೇ ಹೆಸರು.

ಆದ್ದರಿಂದ ಜಾಗ ಆರಿಸುವಾಗ ಮೊದಲ ಪ್ರಶ್ನೆ “ಗಾಳಿ ಉಂಟಾ?” ಅಲ್ಲ, “ಇಲ್ಲಿಂದ ಮನೆಯೊಳಗೆ ಧೂಳು ಹೋಗುವ ದಾರಿ ಯಾವುದು?” ಅಂತ. ಅಡುಗೆಮನೆ ಬೇಡವೇ ಬೇಡ. ಚಾವಡಿಯೂ ಬೇಡ. ಮನೆಯಿಂದ ಬೇರೆಯಾಗಿರುವ, ಮೂರು ಕಡೆ ತೆರೆದಿರುವ ಹಿತ್ತಲಿನ ಮಾಡು ಒಳ್ಳೆಯದು. ಕೆಲಸಕ್ಕೆ ಒಂದು ಜೊತೆ ಚಪ್ಪಲಿ, ಒಂದು ಹಳೇ ಉದ್ದ ತೋಳಿನ ಹತ್ತಿ ಅಂಗಿ ಅಲ್ಲೇ ಇರಲಿ, ಮನೆಯೊಳಗೆ ಬರಬಾರದು. ಆದರೆ ಲೋಹ ಕರಗಿರುವಾಗ ಕಾಲಿನಲ್ಲಿ ಮುಚ್ಚಿದ ಶೂ, ಕಣ್ಣಿಗೆ ಕನ್ನಡಕ. ಅಂಗಿಯನ್ನು ಬೇರೆಯಾಗಿ ಒಗೆಯಬೇಕು. ಕೈ ತೊಳೆಯದೆ ಬೀಡಿ, ಚಹಾ, ಮೊಬೈಲ್ ಯಾವುದೂ ಇಲ್ಲ. ಕಸಬರಿಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಫ್ಯಾನ್ ಇಡುವುದಾದರೆ ನಿಮ್ಮ ಬೆನ್ನ ಕಡೆಯಿಂದ ಗಾಳಿ ಹೊರಕ್ಕೆ ಹೋಗಲಿ. ಪಾತ್ರೆಗೆ ನೇರ ಬೀಸಿದರೆ ಕಿಟ್ಟ ಹಾರುತ್ತದೆ. ಬಟ್ಟೆ ಮಾಸ್ಕ್ ಈ ಧೂಳಿಗೆ ಸಾಲದು, ಎನ್-95 ಬೇಕು.

ಇನ್ನು ನೀರು. ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಬಲೆ ರಿಪೇರಿಯ ಕಾಲವೂ ಮಳೆಯ ಕಾಲವೂ ಒಂದೇ. ನೀರು ಆವಿಯಾದಾಗ ಸುಮಾರು 1700 ಪಟ್ಟು ಹಿಗ್ಗುತ್ತದೆ. ಕರಗಿದ ಸೀಸದ ಮೇಲೆ ಒಂದು ಹನಿ ಬಿದ್ದರೆ ಚುರ್ ಎಂದು ಆವಿಯಾಗಿ ಹೋಗಬಹುದು. ಅದೇ ಹನಿ ಸೀಸದ ಅಡಿಗೆ ಸಿಕ್ಕಿದರೆ ಪಾತ್ರೆಯಲ್ಲಿದ್ದದ್ದೆಲ್ಲ ಮುಖಕ್ಕೆ ಬರುತ್ತದೆ. ಅಡಿಗೆ ಹೇಗೆ ಸಿಗುತ್ತದೆ? ಹಳೇ ಬಲೆಯಿಂದ ಬಿಚ್ಚಿದ ಗುಂಡನ್ನು ಕೈಯಲ್ಲಿ ಹಿಡಿದು ನೋಡಿ. ನಡುವೆ ತೂತು, ತೂತಿನಲ್ಲಿ ನೂಲಿನ ಚೂರು, ನೂಲಿನಲ್ಲಿ ಉಪ್ಪುನೀರು. ಅದನ್ನು ಕರಗಿದ ಸೀಸಕ್ಕೆ ಹಾಕುವುದೆಂದರೆ ಪಟಾಕಿ ಹಾಕಿದ ಹಾಗೆ ಮಾರಾಯ್ರೆ. ಹಳೇ ಗುಂಡುಗಳನ್ನು ಯಾವಾಗಲೂ ತಣ್ಣಗಿನ ಪಾತ್ರೆಗೇ ಹಾಕಿ, ಲೋಹದ ಜತೆಗೇ ಕಾಯಿಸಿ. ಕರಗುವ ಮೊದಲೇ ತೇವ ಹೋಗಿರುತ್ತದೆ. ನಡುವೆ ಹೊಸದಾಗಿ ಸೇರಿಸಬೇಡಿ. ಸೌಟು, ಅಚ್ಚು ಎರಡನ್ನೂ ಬಿಸಿ ಮಾಡಿಯೇ ಬಳಸಿ. ಮೇಲೆ ಹಂಚು ಸೋರುತ್ತದಾ ನೋಡಿ, ಒಂದು ಹಂಚು ಜಾರಿದ್ದರೂ ಆ ದಿನ ಕೆಲಸ ಬೇಡ. ಬರಿಯ ಸಿಮೆಂಟ್ ನೆಲದ ಮೇಲೆ ಬಿಸಿ ಲೋಹ ಚೆಲ್ಲಿದರೆ ಒಳಗಿನ ತೇವಕ್ಕೆ ಚಕ್ಕೆ ಸಿಡಿಯುತ್ತದೆ, ಹಾಗಾಗಿ ಅಡಿಗೆ ಅಂಚಿರುವ ಕಬ್ಬಿಣದ ತಟ್ಟೆ ಇರಲಿ. ಉಳ್ಳಾಲದ ಬೀಚಿನಿಂದ ಮರಳು ತಂದು ಹಾಸುವ ಐಡಿಯಾ ಚೆನ್ನಾಗಿ ಕಂಡರೂ ಅದರಲ್ಲಿರುವ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಾ ಇರುತ್ತದೆ.

ಕೂತು ಕೆಲಸ ಮಾಡುವುದು ನಮ್ಮ ಅಭ್ಯಾಸ. ನೆಲದಲ್ಲಿ ಕುಕ್ಕರಗಾಲಲ್ಲಿ ಕೂತರೆ ಚೆಲ್ಲಿದ ಸೀಸಕ್ಕೆ ತೊಡೆಯೇ ತಟ್ಟೆ, ಎದ್ದು ಓಡಲಿಕ್ಕೂ ಆಗುವುದಿಲ್ಲ. ಮೊಣಕೈಗಿಂತ ಹತ್ತು ಸೆಂಟಿಮೀಟರ್ ಕೆಳಗಿರುವ, ಅಲ್ಲಾಡದ ಮೇಜು ಮಾಡಿ, ನಿಂತು ಎರೆಯಿರಿ. ಹಿಂದೆ ಎರಡು ಹೆಜ್ಜೆ ಖಾಲಿ ಜಾಗ ಇರಲಿ. ಬಲಗೈಯವರಾದರೆ ಬಲಕ್ಕೆ ಪಾತ್ರೆ, ಮುಂದೆ ಅಚ್ಚು, ಎಡಕ್ಕೆ ಆರುವ ಗುಂಡುಗಳ ತಟ್ಟೆ. ತುಂಬಿದ ಸೌಟು ಒಂದು ಗೇಣಿಗಿಂತ ಹೆಚ್ಚು ದೂರ ಹೋಗಬಾರದು. ಒಂದು ಸಲಕ್ಕೆ ಎರಡು ಕಿಲೋ ಸಾಕು, 20 ಗ್ರಾಂನ ನೂರು ಗುಂಡು ಆಯಿತು. ಸೀಸದ ಸಾಂದ್ರತೆ 11.34, ಹಾಗಾಗಿ ಎರಡು ಕಿಲೋ ಅಂದರೆ 180 ಮಿಲಿಲೀಟರ್ ಕೂಡ ಇಲ್ಲ. ಪಾತ್ರೆ ಖಾಲಿ ಕಂಡಿತು ಅಂತ ತುಂಬಿಸಿದರೆ ಎತ್ತುವಾಗ ಕೈ ನಡುಗುತ್ತದೆ.

ಎಂಥ ಸೀಸ ತರಬೇಕು? ಟಯರ್ ಅಂಗಡಿಯ ವೀಲ್ ವೇಟ್‌ಗಳಲ್ಲಿ ಈಗ ಸತುವಿನವೂ ಬರುತ್ತವೆ. ಸತು ಕರಗುವುದು 419 ಡಿಗ್ರಿಯಲ್ಲಿ, ನೀವು 400ರೊಳಗೆ ಇದ್ದರೆ ಅದು ತೇಲುತ್ತದೆ, ಸೌಟಿನಲ್ಲಿ ತೆಗೆದುಬಿಡಬಹುದು. ಹಳೇ ಬ್ಯಾಟರಿ ಮಾತ್ರ ಒಡೆಯಬೇಡಿ. ಆಮ್ಲ, ಸೀಸದ ಸಂಯುಕ್ತಗಳ ಪುಡಿ, ಜತೆಗೆ ಆಂಟಿಮೊನಿ, ಆರ್ಸೆನಿಕ್ ಎಲ್ಲ ಅದರಲ್ಲಿ ಉಂಟು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಅಂದ ಹಾಗೆ ಕನ್ನಡ ಸಂಘದವರಾಗಿ ಒಂದು ಮಾತು: ಈ ಊರಿಗೂ ಸೀಸಕ್ಕೂ ಅಕ್ಷರದ ನಂಟೂ ಉಂಟು. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಕಿಟೆಲ್ ಅವರ ನಿಘಂಟು 1894ರಲ್ಲಿ ಇಲ್ಲಿ ಅಚ್ಚಾಗುವ ಹೊತ್ತಿಗೆ ಮೊಳೆಗಳ ಕಾಲ. ಅಚ್ಚುಮೊಳೆ ಅಂದರೆ ಸೀಸಕ್ಕೆ ಆಂಟಿಮೊನಿ, ತವರ ಬೆರೆಸಿದ ಎರಕ. ಬಲೆಗೆ ಆ ಗಡಸುತನ ಬೇಡ, ಮೆದು ಸೀಸವೇ ಒಳ್ಳೆಯದು.

ಸೀಸವೇ ಯಾಕೆ, ಕಬ್ಬಿಣ ಆಗದಾ ಅಂತ ಕೇಳುವವರು ಸರಿಯಾಗಿಯೇ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಹಂಸಗಳು ಗಾಳದ ಸೀಸ ನುಂಗಿ ಸಾಯುತ್ತಿದ್ದುದರಿಂದ 1987ರಿಂದ ಸಣ್ಣ ಸೀಸದ ಭಾರಗಳ ಮಾರಾಟ ನಿಂತಿದೆ. ನೀರೊಳಗೆ ಸೀಸ ತನ್ನ ತೂಕದ ಶೇ 91ರಷ್ಟು ಉಳಿಸಿಕೊಳ್ಳುತ್ತದೆ, ಕಬ್ಬಿಣ ಶೇ 87. ವ್ಯತ್ಯಾಸ ಅಷ್ಟೇ. ಗಾತ್ರ ಮಾತ್ರ ಶೇ 44ರಷ್ಟು ದೊಡ್ಡದಾಗುತ್ತದೆ, ಉಪ್ಪುನೀರಲ್ಲಿ ತುಕ್ಕು ಬೇರೆ. ಮೆಕ್ಯಾನಿಕಲ್‌ನವರಿಗೆ ಒಳ್ಳೆಯ ಮಿನಿ ಪ್ರಾಜೆಕ್ಟ್ ಇದು: ಸತುವಿನ ಲೇಪವಿರುವ ಕಬ್ಬಿಣದ ಉಂಗುರ ಪೋಣಿಸಿದ ಬಲೆ ಎಷ್ಟು ನಿಧಾನವಾಗಿ ಇಳಿಯುತ್ತದೆ ಅಂತ ಅಳೆಯುವುದು.

ಬಲೆಗೂ ನಮಗೂ ಏನು ಸಂಬಂಧ ಅನ್ನುವ ಇಲೆಕ್ಟ್ರಾನಿಕ್ಸ್‌ನವರು ಹಾಸ್ಟೆಲ್ ಮೇಜಿನ ಮೇಲಿರುವ 60/40 ಸೋಲ್ಡರ್ ನೋಡಲಿ. ಅದರಲ್ಲಿ ಶೇ 40 ಸೀಸ. ಏಳುವ ಹೊಗೆ ರೋಸಿನ್‌ನದು, ಅದು ಗಂಟಲಿಗೆ ಕೆಟ್ಟದ್ದು. ಸೀಸ ಬರುವುದು ತಂತಿ ಹಿಡಿದ ಬೆರಳಿನಿಂದ. ಬಾಯಲ್ಲಿ ತಂತಿ ಕಚ್ಚಿ ಹಿಡಿಯುವವರೂ ಇದ್ದಾರೆ. ಅದೇ ಮೇಜಿನಲ್ಲಿ ಗೋಳಿಬಜೆ ಪೊಟ್ಟಣ ಬಿಚ್ಚುವವರಂತೂ ಎಲ್ಲರೂ.

ಕೊನೆಗೆ ಉಳಿಯುವುದು ಕಿಟ್ಟ. ತೆಂಗಿನ ಬುಡಕ್ಕೆ ಸುರಿಯಬೇಡಿ, ಬಾವಿ ಹೆಚ್ಚು ದೂರ ಇರುವುದಿಲ್ಲ. ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಹಾಕಿ, ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ‘ಸೀಸದ ಕಿಟ್ಟ, ಮುಟ್ಟಬೇಡಿ’ ಅಂತ ಬರೆದು, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ಇಡಿ. ಡಬ್ಬಿ ತುಂಬಿದ ಮೇಲೆ ಅದೂ ಸೀಸದ ನೋಂದಾಯಿತ ಮರುಬಳಕೆದಾರರಿಗೇ ಹೋಗಲಿ.